ನೀರಲ್ಲಿ ನಿಂತ ಕಾರು, ಕೈತಪ್ಪುವ ಕ್ಲೇಮು

ಜೋರು ಮಳೆಯ ಮಾರನೇ ದಿನ ಬೆಳ್ಳಂದೂರಿನ ಕಡೆ ಬೇಸ್‌ಮೆಂಟಿನಲ್ಲಿ ಮುಳುಗಿದ್ದ ಕಾರಿಗೆ ಜನ ಮಾಡುವ ಮೊದಲ ತಪ್ಪು, ಕೀ ತಿರುಗಿಸಿ ನೋಡುವುದು. ಏರ್ ಫಿಲ್ಟರ್ ದಾಟಿ ಸಿಲಿಂಡರಿಗೆ ನೀರು ಹೋಗಿದ್ದರೆ, ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಿದಾಗ ಕನೆಕ್ಟಿಂಗ್ ರಾಡೇ ಬಾಗುತ್ತೆ. ನಿಮ್ಮ ಕಾರಿನ ಹಾನಿಗೂ ದುಡ್ಡು ಕೊಡುವ ಸಾಮಾನ್ಯ ಕಾಂಪ್ರಹೆನ್ಸಿವ್ ಇನ್ಶೂರೆನ್ಸ್ ಪಾಲಿಸಿಯಲ್ಲೂ, ಇದು ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿ ಅಂತ ಎಂಜಿನ್ ಖರ್ಚನ್ನು ತಳ್ಳಿಹಾಕುವುದೇ ಹೆಚ್ಚು. ಹೆಚ್ಚುವರಿ ದುಡ್ಡು ಕಟ್ಟಿ ಪಾಲಿಸಿಗೆ ಸೇರಿಸಿಕೊಳ್ಳುವ ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇರುವುದು ಇದಕ್ಕೇ. ಬೆಂಗಳೂರಿನಲ್ಲಿ ಝೀರೋ ಡೆಪ್‌ಗಿಂತ (ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಆಡ್-ಆನ್) ಮೊದಲು ಇದನ್ನು ತಗೊಳ್ಳಿ ಅಂತೀನಿ. ಬೇರೆಯವರಿಗಾದ ಹಾನಿಗಷ್ಟೇ ಕೊಡುವ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ನಿಮ್ಮ ಕಾರಿಗೆ ನಯಾಪೈಸೆ ಸಿಗಲ್ಲ.

ನಂಬರ್ ಪ್ಲೇಟೂ ನೀರಿನ ಮಟ್ಟವೂ ಒಟ್ಟಿಗೆ ಕಾಣುವಂತೆ ಫೋಟೋ ತೆಗೆಯಿರಿ, ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ಪಡೆಯಿರಿ, ಟೋ ಮಾಡಿಸಿ. ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡುವ ಮುಂಚೆ ಗ್ಯಾರೇಜಿನವರು ಏನನ್ನೂ ಬಿಚ್ಚಬಾರದು.

ಸಿಲ್ಕ್ ಬೋರ್ಡಿನಲ್ಲಿ ಬಂಪರ್ ತಾಗಿಸಿಕೊಂಡವರ ಲೆಕ್ಕ ಬೇರೆ. ಬಂಪರ್ 8000 ರೂಪಾಯಿ ಅಂದುಕೊಳ್ಳಿ. ಪ್ಲಾಸ್ಟಿಕ್ಕಿಗೆ 50% ಸವಕಳಿ, ಉಳಿದದ್ದು 4000. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1000. ಕೈಗೆ ಬರುವುದು 3000. ಆದರೆ ಐದು ವರ್ಷ ಕ್ಲೇಮ್ ಮಾಡದೆ ಗಳಿಸಿದ 50% ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂ ರಿಯಾಯಿತಿ, ಸೊನ್ನೆಗಿಳಿಯುತ್ತೆ. ನಿಮ್ಮ ಕಾರಿನ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಪ್ರೀಮಿಯಂ ಬೋನಸ್ ಕಳೆಯುವ ಮುಂಚೆ 8000 ಇದ್ದರೆ ಮುಂದಿನ ರಿನ್ಯೂವಲ್‌ನಲ್ಲೇ 4000 ಹೆಚ್ಚು ಕಟ್ಟಬೇಕು. ಇಂಥದ್ದಕ್ಕೆ ಜೇಬಿನಿಂದಲೇ ಕೊಡುವುದು ವಾಸಿ.