ಇಂದಿನ ದರ ಬರೆಯುವವರು ಯಾರು?

ತುಮಕೂರಿನಲ್ಲಿ ನೆಲೆಸಿ, ಸುತ್ತಲಿನ ಊರುಗಳ ಅಂಗಡಿ, ಮಂಡಿ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕೆ ಇಳಿದು ನನಗೆ ಒಂಬತ್ತು ವರ್ಷಗಳಾದವು. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು. ಅವರಿಗೆ ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಲ್ಲಿ ನಾನು ಮಾಡಿದ ತಪ್ಪೊಂದು ನನ್ನ ಕೆಲಸದ ರೀತಿಯನ್ನೇ ಬದಲಾಯಿಸಿತು.

ಮೊದಲ ಭೇಟಿಯ ದಿನ ಮಂಡಿಯ ಯಜಮಾನರು ಹೆಚ್ಚು ಮಾತನಾಡದೆ ಒಂದು ಖಾಲಿ ಗೋಣಿಚೀಲವನ್ನು ತಂದು ನನ್ನ ಮುಂದೆ ಹಾಸಿದರು. ಅದರ ಮೇಲೆ ಮಂಡಿಯ ಹೆಸರು, ದೂರವಾಣಿ ಸಂಖ್ಯೆ ಮತ್ತು ಡಾಟ್ ಕಾಂ ವಿಳಾಸವೊಂದು ಅಚ್ಚಾಗಿದ್ದವು. ಆ ವಿಳಾಸವನ್ನು ಫೋನಿನಲ್ಲಿ ತೆರೆದರೆ ಯಾವುದೋ ಸಂಬಂಧವಿಲ್ಲದ ಜಾಹೀರಾತು ಬರುತ್ತಿತ್ತು. ಹಿಂದೆ ಸೈಟು ಮಾಡಿಕೊಟ್ಟವರು ಡೊಮೈನ್ ಹೆಸರನ್ನು, ಅಂದರೆ ಆ ವಿಳಾಸವನ್ನು, ತಮ್ಮ ಸ್ವಂತ ಹೆಸರಿನಲ್ಲಿ, ತಮ್ಮ ಸ್ವಂತ ಇಮೇಲಿನಿಂದ ನೋಂದಾಯಿಸಿದ್ದರು. ಅವರು ಊರು ಬಿಟ್ಟರು, ನವೀಕರಣದ ಎಚ್ಚರಿಕೆಗಳೆಲ್ಲ ಅವರ ಇಮೇಲಿಗೇ ಹೋದವು, ಹೆಸರು ಕೈತಪ್ಪಿತು. ಡಾಟ್ ಕಾಂ ಹೆಸರು ಅವಧಿ ಮುಗಿದು ರದ್ದಾದ ಮೇಲೂ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಲು 30 ದಿನಗಳ ಅವಕಾಶವಿರುತ್ತದೆ. ಅದೂ ಕಳೆದು ಮತ್ತೆ 5 ದಿನಗಳಾದರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಯಜಮಾನರಿಗೆ ವಿಷಯ ತಿಳಿಯುವ ಹೊತ್ತಿಗೆ ಆ ಗಡುವೆಲ್ಲ ಮುಗಿದಿತ್ತು. ಅಚ್ಚು ಹಾಕಿಸಿದ್ದ ಚೀಲಗಳು ಮಾತ್ರ ಗೋದಾಮಿನಲ್ಲಿ ರಾಶಿ ಬಿದ್ದಿದ್ದವು. ಅಂದಿನಿಂದ ನಾನು ಯಾವ ಗ್ರಾಹಕರ ಡೊಮೈನನ್ನೂ ನನ್ನ ಹೆಸರಿನಲ್ಲಿ ಕೊಂಡಿಲ್ಲ. ಗ್ರಾಹಕರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಇಮೇಲ್, ಅವರ ಫೋನಿಗೆ ಬರುವ ಓಟಿಪಿ, ಅವರ ಹಣದಿಂದಲೇ ನೋಂದಾಯಿಸುತ್ತೇನೆ. ಅರ್ಧ ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಹೀಗೆ ಹೊಸದಾಗಿ ಡಾಟ್ ಇನ್ ಹೆಸರೊಂದನ್ನು ಕೊಂಡ ಮೇಲೆ ವಿನ್ಯಾಸಕ್ಕೆ ಕೈ ಹಾಕುವ ಮೊದಲು ಎರಡು ದಿನ ಮಂಡಿಯಲ್ಲೇ ಕುಳಿತೆ. ಯಜಮಾನರ ಫೋನಿಗೆ ಬಂದ ಕರೆಗಳಲ್ಲಿ ಜನ ಏನು ಕೇಳುತ್ತಾರೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಮುಕ್ಕಾಲು ಪಾಲು ಕರೆಗಳು ದರಕ್ಕೆ ಸಂಬಂಧಿಸಿದವು. ಉಳಿದವರಲ್ಲಿ ಕೆಲವರು ಇವತ್ತು ಮಾಲು ತಂದರೆ ಇಳಿಸಿಕೊಳ್ಳುತ್ತೀರಾ ಎಂದು, ಕೆಲವರು ಲಾರಿ ಯಾವ ಕಡೆಯಿಂದ ಒಳಗೆ ಬರಬೇಕು ಎಂದು ಕೇಳಿದರು. ಉತ್ತರ ಭಾರತದ ವ್ಯಾಪಾರಿಗಳು ಉಂಡೆಯ ಗಾತ್ರ ಮತ್ತು ಒಣಗಿದ ಹದವನ್ನು ವಿಚಾರಿಸಿದರು. ‘ನಮ್ಮ ಬಗ್ಗೆ’ ಎಂಬ ಪುಟಕ್ಕೆ ಹೊಂದುವ ಪ್ರಶ್ನೆಯನ್ನು ಒಬ್ಬರೂ ಕೇಳಲಿಲ್ಲ. ಸೈಟಿನ ಮೊದಲ ಪುಟದಲ್ಲಿ ಏನಿರಬೇಕು ಎಂಬುದಕ್ಕೆ ಆ ಪುಸ್ತಕಕ್ಕಿಂತ ಒಳ್ಳೆಯ ಆಧಾರ ನನಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ತಪ್ಪು ಮಾಡಿದ್ದು ಇಲ್ಲಿಯೇ. ಎಲ್ಲರೂ ದರ ಕೇಳುತ್ತಾರೆಂದು ಮೊದಲ ಪುಟದ ನೆತ್ತಿಯಲ್ಲೇ ‘ಇಂದಿನ ದರ’ ಎಂಬ ಪೆಟ್ಟಿಗೆಯನ್ನು ದೊಡ್ಡ ಅಕ್ಷರಗಳಲ್ಲಿ ಇಟ್ಟೆ. ಅದನ್ನು ಪ್ರತಿದಿನ ಬದಲಾಯಿಸುವುದು ಹೇಗೆಂದು ಗುಮಾಸ್ತರಿಗೆ ತೋರಿಸಿಯೂ ಕೊಟ್ಟೆ. ಮೊದಲ ವಾರ ಅವರು ಬದಲಾಯಿಸಿದರು. ಎರಡನೆಯ ವಾರ ಮಾಲು ಹೆಚ್ಚಾಗಿ ಬಂದಿತು, ತೂಕದ ಮನೆಯಿಂದ ಅವರು ಅಲುಗಾಡಲಾಗಲಿಲ್ಲ, ಪೆಟ್ಟಿಗೆಯಲ್ಲಿ ಹಳೆಯ ದರವೇ ಉಳಿಯಿತು. ಅದನ್ನು ನೋಡಿಕೊಂಡು ಚಿಕ್ಕನಾಯಕನಹಳ್ಳಿ ಕಡೆಯ ರೈತರೊಬ್ಬರು ಬಾಡಿಗೆ ಗಾಡಿಯಲ್ಲಿ ಕೊಬ್ಬರಿ ತಂದರು. ಅಷ್ಟರಲ್ಲಿ ಮಾರುಕಟ್ಟೆ ಇಳಿದಿತ್ತು. “ಏನ್ ಸ್ವಾಮಿ, ನಿಮ್ಮ ಫೋನಲ್ಲಿ ಒಂದು ದರ, ಬಾಯಲ್ಲಿ ಒಂದು ದರವಾ?” ಎಂದು ಅವರು ಎಲ್ಲರ ಮುಂದೆ ಕೇಳಿದರಂತೆ.

ಆ ಪ್ರಶ್ನೆಯ ಭಾರ ತಿಳಿಯಬೇಕಾದರೆ ಉಂಡೆ ಕೊಬ್ಬರಿ ಆಗುವ ಬಗೆ ಗೊತ್ತಿರಬೇಕು. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಉಂಡೆಯಾಗುತ್ತದೆ. ಸುಲಿದು, ಚಿಪ್ಪು ಒಡೆದು ತಂದ ಆ ಮಾಲು ಹೆಚ್ಚುಕಡಿಮೆ ಒಂದು ವರ್ಷದ ಕಾಯುವಿಕೆ. ಅದನ್ನು ಗಾಡಿಗೆ ಏರಿಸುವ ದಿನವನ್ನು ನನ್ನ ಪೆಟ್ಟಿಗೆ ನಿರ್ಧರಿಸಿತ್ತು. ಯಜಮಾನರು ನನಗೆ ಫೋನ್ ಮಾಡಿ ಬೈಯಲಿಲ್ಲ. “ನೋಡಮ್ಮ, ನನ್ನ ಮಾತಿನ ಮೇಲೆ ಅವರಿಗಿರೋ ನಂಬಿಕೆ ನಮ್ಮಪ್ಪನ ಕಾಲದ್ದು. ಆ ಪೆಟ್ಟಿಗೆ ತೆಗೆದುಬಿಡು” ಎಂದರು. ಅಂದೇ ತೆಗೆದೆ. ಅಲ್ಲಿ ಈಗ ‘ಇಂದಿನ ದರಕ್ಕೆ ಕರೆ ಮಾಡಿ’ ಎಂಬ ಗುಂಡಿಯಿದೆ; ಒತ್ತಿದರೆ ನೇರವಾಗಿ ಮಂಡಿಗೆ ಕರೆ ಹೋಗುತ್ತದೆ. ವರ್ಷಕ್ಕೊಮ್ಮೆ ಬದಲಾಗುವುದನ್ನು ಪುಟದಲ್ಲಿ ಬರೆಯಬಹುದು. ಉದಾಹರಣೆಗೆ, ಕೇಂದ್ರ ಸರ್ಕಾರದ ಬೆಂಬಲ ಬೆಲೆ ಉಂಡೆ ಕೊಬ್ಬರಿಗೆ 2024ರ ಹಂಗಾಮಿನಲ್ಲಿ ಕ್ವಿಂಟಲ್‌ಗೆ 12,000 ರೂಪಾಯಿ ಇದ್ದದ್ದು 2025ಕ್ಕೆ 12,100 ಆಯಿತು. ಹರಾಜಿನಿಂದ ಹರಾಜಿಗೆ ಬದಲಾಗುವ ದರವನ್ನು ಬರೆಯಲು ಮಾತ್ರ ಅದಕ್ಕೆಂದೇ ಒಬ್ಬರು ಇರಬೇಕು. ಈಗ ಯಾವ ಸೈಟಿನಲ್ಲಾದರೂ ಒಂದು ಹೊಸ ಭಾಗ ಬೇಕೆಂಬ ಮಾತು ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, ಅದನ್ನು ಬದಲಾಯಿಸುವವರು ಯಾರು, ಯಾವ ಹೊತ್ತಿನಲ್ಲಿ, ಯಾವ ಫೋನಿನಿಂದ ಎಂಬುದು. ಉತ್ತರವಾಗಿ ಒಬ್ಬರ ಹೆಸರು ಸಿಗದಿದ್ದರೆ ಆ ಭಾಗವನ್ನು ಮಾಡುವುದಿಲ್ಲ.

ಬರಹದ ವಿಷಯದಲ್ಲಿ ಪಟ್ಟ ಪಾಡು ಬೇರೆಯೇ. ಮಂಡಿಯ ಕರಪತ್ರಗಳ ಕಡತವನ್ನು ಪ್ರೆಸ್ಸಿನವರು ಪೆನ್‌ಡ್ರೈವಿನಲ್ಲಿ ಕೊಟ್ಟರು. ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿದ್ದರಿಂದ ಪುಟಕ್ಕೆ ಅಂಟಿಸಿದ ಕೂಡಲೇ ಕನ್ನಡ ಹೋಗಿ, ತಲೆಯ ಮೇಲೆ ಗೀಟು ಚುಕ್ಕೆಗಳಿರುವ ಇಂಗ್ಲಿಷ್ ಅಕ್ಷರಗಳ ಸಾಲು ಬಂದಿತು. ಅದನ್ನು ಯೂನಿಕೋಡಿಗೆ, ಅಂದರೆ ಎಲ್ಲ ಫೋನು ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸುವ ಉಪಕರಣಗಳಿವೆ. ಆದರೆ ಅರ್ಕಾವೊತ್ತು ಇರುವೆಡೆ ಅವು ಎಡವುವುದುಂಟು, ಆದ್ದರಿಂದ ಒಂದೊಂದು ಪದವನ್ನೂ ಕಣ್ಣಿಟ್ಟು ಓದಲೇಬೇಕು. ಇನ್ನು, ಕೊಳ್ಳುವ ಟೆಂಪ್ಲೇಟುಗಳೆಲ್ಲ, ಅಂದರೆ ಸಿದ್ಧ ಪುಟವಿನ್ಯಾಸಗಳೆಲ್ಲ, ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದವು. ಶೀರ್ಷಿಕೆಯಲ್ಲಿ ‘ತಿಪಟೂರಿನ ಉತ್ಕೃಷ್ಟ ಕೊಬ್ಬರಿ’ ಎಂದು ಬರೆದು ಎರಡು ಸಾಲಾದರೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಸಾಲುಗಳ ನಡುವಣ ಅಳತೆಯನ್ನು ಅಕ್ಷರಗಾತ್ರದ 1.7ರಷ್ಟಕ್ಕೆ ಏರಿಸಿದೆ, ಅಕ್ಷರಗಳನ್ನು ದೂರ ದೂರ ಸರಿಸುವ ಆಜ್ಞೆಯನ್ನು ತೆಗೆದುಹಾಕಿದೆ, ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ನಮೂದಿಸಿದೆ. ಈ ಕೊನೆಯ ನಮೂದನ್ನು ಮರೆತರೆ ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೆ ಯಾವ ಭಾಷೆಯಲ್ಲಿ ಓದಬೇಕೆಂದು ತಿಳಿಯದೆ ಹೋಗಬಹುದು. ಕನ್ನಡದಲ್ಲಿ ಸೈಟು ಮಾಡುವ ನಾವು ಇಷ್ಟನ್ನಾದರೂ ಮಾಡದಿದ್ದರೆ ನಮಗಾಗಿ ಇನ್ನು ಯಾರು ಮಾಡುತ್ತಾರೆ?

ಮನೆತನದ ವ್ಯಾಪಾರಗಳಲ್ಲಿ ಅಭಿಪ್ರಾಯ ಹೇಳುವವರು ಹಲವರು, ಕೊನೆಯ ಮಾತು ಒಬ್ಬರದು. ಅದು ಯಾರದೆಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿ ಯಜಮಾನರ ಮಗ ಬಿಳಿ ಹಿನ್ನೆಲೆಯ ಮೇಲೆ ತೆಳು ಬಂಗಾರದ ಅಕ್ಷರಗಳು ಬೇಕೆಂದು ಹಠ ಹಿಡಿದರು. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕೆಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದನ್ನು ಹೇಳಿ ವಾದಿಸಬಹುದಿತ್ತು. ಆದರೆ ಅವರು ಕೇಳಿದಂತೆಯೇ ಒಂದು ಪುಟ ಮಾಡಿ, ಮಧ್ಯಾಹ್ನ ಕೊಬ್ಬರಿ ಹರಡಿದ್ದ ಅಂಗಳದ ಬಿಸಿಲಿಗೆ ಅವರನ್ನು ಕರೆದೊಯ್ದು, ಅವರ ಫೋನಿನಲ್ಲೇ ಓದಲು ಹೇಳಿದೆ. ಎರಡನೆಯ ಸಾಲಿಗೇ ನಿಂತು, “ಕಪ್ಪು ಅಕ್ಷರವೇ ಇರಲಿ ಬಿಡಿ ಮೇಡಂ” ಎಂದರು. ಚಿತ್ರಗಳ ವಿಷಯವೂ ಹಾಗೆಯೇ ಇತ್ಯರ್ಥವಾಯಿತು. ಫೋನಿನಲ್ಲಿ ತೆಗೆದ 5 ಎಂಬಿಯ ಚಿತ್ರ ಗೋದಾಮಿನ ಒಳಗೆ ತೆರೆದುಕೊಳ್ಳಲು ತೆಗೆದುಕೊಂಡ ಹೊತ್ತನ್ನು ಅವರೇ ನೋಡಿದ ಮೇಲೆ, ಎಲ್ಲವನ್ನೂ 200 ಕೆಬಿಗಿಂತ ಕೆಳಗೆ ಇಳಿಸಲು ತಕ್ಷಣ ಒಪ್ಪಿದರು.

ಹಣ ಮತ್ತು ಹಕ್ಕಿನ ಮಾತನ್ನು ಸಂಕೋಚದಿಂದ ಮುಂದೂಡುವ ಅಭ್ಯಾಸ ನಮ್ಮ ಕಡೆ ಹೆಚ್ಚು. ನಾನು ಒಟ್ಟು ಮೊತ್ತದ ಶೇಕಡಾ 40ನ್ನು ಆರಂಭದಲ್ಲಿ, 30ನ್ನು ಬರಹವೆಲ್ಲ ಪುಟಕ್ಕೆ ಬಂದಾಗ, ಉಳಿದ 30ನ್ನು ಒಪ್ಪಿಸುವ ದಿನ ಪಡೆಯುತ್ತೇನೆ. ಒಪ್ಪಂದದಲ್ಲಿ ಸೈಟಿನ ಹಕ್ಕು ಗ್ರಾಹಕರಿಗೆ ಶಾಶ್ವತವಾಗಿ ಸೇರುತ್ತದೆ ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಗಳದ್ದೆಂದೇ ಲೆಕ್ಕ. ರಾತ್ರಿ ಹತ್ತರ ಮೇಲೆ ವಾಟ್ಸಾಪಿನಲ್ಲಿ ಬರುವ ಧ್ವನಿ ಸಂದೇಶಗಳಿಗೆ ನಾನು ಆಗಲೇ ಕೆಲಸ ಶುರು ಮಾಡುವುದಿಲ್ಲ. ಎಲ್ಲವನ್ನೂ ಕೇಳಿ, ಮರುದಿನ ಹತ್ತು ಸಾಲಿನಲ್ಲಿ ಕನ್ನಡದಲ್ಲೇ ಬರೆದು, ಇದರಲ್ಲಿ ಯಾವುದು ಒಪ್ಪಂದದ ಒಳಗಿದೆ, ಯಾವುದಕ್ಕೆ ಬೇರೆ ಹಣವಾಗುತ್ತದೆ ಎಂದು ತಿಳಿಸಿ ಕಳುಹಿಸುತ್ತೇನೆ. ಬರೆದದ್ದನ್ನು ಓದಿದಾಗ ಅರ್ಧದಷ್ಟು ಬದಲಾವಣೆಗಳನ್ನು ಗ್ರಾಹಕರೇ ಕೈಬಿಡುತ್ತಾರೆ.

ಒಪ್ಪಿಸುವ ದಿನ ಗುಬ್ಬಿ ದಾಟಿ ಬಿ.ಎಚ್. ರಸ್ತೆಯಲ್ಲಿ ಹೋಗುವಾಗ ಒಂದು ನೂರು ಪುಟದ ನೋಟ್‌ಬುಕ್ ಕೊಂಡೆ. ಡೊಮೈನ್ ಎಲ್ಲಿ ಕೊಂಡದ್ದು, ಯಾವ ತಾರೀಖಿಗೆ ಹಣ ಕಟ್ಟಬೇಕು, ಸೈಟಿನ ಕಡತಗಳನ್ನು ಇಟ್ಟಿರುವ ಹೋಸ್ಟಿಂಗ್ ಯಾರಲ್ಲಿದೆ, ಯಾವ ಇಮೇಲ್, ತೊಂದರೆಯಾದರೆ ಮೊದಲು ಏನು ನೋಡಬೇಕು ಎಂಬುದನ್ನೆಲ್ಲ ಅದರಲ್ಲಿ ಯಜಮಾನರ ಸೊಸೆಯ ಕೈಯಲ್ಲೇ ಬರೆಸಿದೆ. ಪಾಸ್‌ವರ್ಡನ್ನು ಅವರೇ ಬದಲಾಯಿಸಿ ಬೇರೆ ಕಡೆ ಬರೆದಿಟ್ಟುಕೊಂಡರು. ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಯಜಮಾನರು ಆ ಪುಸ್ತಕವನ್ನು ಲೆಕ್ಕದ ಪುಸ್ತಕಗಳ ಜೊತೆಗೇ ಬೀರುವಿನಲ್ಲಿ ಇಟ್ಟರು.

ಕಳೆದ ಹಬ್ಬದ ಹಿಂದಿನ ದಿನ ಆ ಸೈಟನ್ನು ತೆರೆದು ನೋಡಿದೆ. ಎರಡು ದಿನ ಮಂಡಿಗೆ ರಜೆ, ಮಾಲು ತರಬೇಡಿ ಎಂಬ ಸೂಚನೆ ಮೊದಲ ಪುಟದಲ್ಲಿ ಸ್ವಚ್ಛವಾದ ಕನ್ನಡದಲ್ಲಿತ್ತು. ಹಬ್ಬ ಕಳೆದ ಮರುದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಮತ್ತೆ ನೋಡಿದಾಗ ಅದನ್ನು ತೆಗೆದಿದ್ದರು.