ಒಬ್ಬಳೇ ಹೋಗಿ ಹಾಸ್ಟೆಲ್‌ನಲ್ಲಿ ಉಳಿಯೋಕೆ ಭಯ ಆಗಲ್ವಾ?

ನಾನು ಧಾರವಾಡದಿಂದ ಎಲ್ಲಿಗಾದರೂ ಹೊರಟೆ ಅಂದ್ರೆ ಈ ಪ್ರಶ್ನೆ ಬಂದೇ ಬರುತ್ತದೆ. ಆಫೀಸಿನವರು ಕೇಳುತ್ತಾರೆ, ಪಕ್ಕದ ಮನೆಯವರು ಕೇಳುತ್ತಾರೆ. ನಮ್ಮ ಚಿಗವ್ವ ಅಂತೂ ಪ್ರತಿ ಸಲ ಹೇಳುತ್ತಾಳೆ: "ಗುರುತು ಪರಿಚಯ ಇಲ್ಲದವರ ಕೂಡ ಒಂದ ಖೋಲ್ಯಾಗ ಮಲ್ಕೋತಿ, ಅಂಜಿಕಿ ಬರೂದಿಲ್ಲೇನವಾ? ರೊಕ್ಕ ಬೇಕಂದ್ರ ನಾ ಕೊಡ್ತೇನಿ, ಚೊಲೋ ಲಾಡ್ಜ್ ನೋಡು."

ರೊಕ್ಕದ ಮಾತು ಆಮೇಲೆ. ನಾನು ಹಾಸ್ಟೆಲ್ ಹುಡುಕುವುದೇ ಭಯ ಕಡಿಮೆ ಆಗಲಿ ಅಂತ.

ಹೆಣ್ಣುಮಗಳು ಒಬ್ಬಳೇ ಲಾಡ್ಜ್ ಕೌಂಟರ್ ಮುಂದೆ ನಿಂತರೆ ಮೊದಲು ಬರುವ ಮಾತು "ಒಬ್ರೇನಾ? ಜೊತೆಗೆ ಯಾರೂ ಇಲ್ವಾ?" ಒಂದು ಊರಿನಲ್ಲಿ ಕೀಲಿಗಳು ಸಾಲಾಗಿ ತೂಗುತ್ತಿದ್ದರೂ ರೂಮಿಲ್ಲ ಅಂದರು. ರೂಮ್ ಸಿಕ್ಕರೂ ನೆಮ್ಮದಿ ಇರುವುದಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ಆ ಇಡೀ ಊರಿನಲ್ಲಿ ನಮ್ಮನ್ನು ಕೇಳುವವರು ಯಾರೂ ಇಲ್ಲ. ರಾತ್ರಿ ಯಾರೋ ಬಾಗಿಲು ಬಡಿದರೆ ಪಕ್ಕದ ಖೋಲಿಯಲ್ಲಿ ಯಾರಿದ್ದಾರೆ ಅಂತಲೂ ಗೊತ್ತಿರುವುದಿಲ್ಲ.

ನಾನು ಹೇಳುತ್ತಿರುವುದು ಕಾಲೇಜು ಮಕ್ಕಳ ಹಾಸ್ಟೆಲ್ ಅಲ್ಲ, ಪ್ರವಾಸಿಗರ ಹಾಸ್ಟೆಲ್. ಒಂದು ಹಾಲ್‌ನಲ್ಲಿ ನಾಲ್ಕೋ ಆರೋ ಎಂಟೋ ಮಂಚ, ಒಂದರ ಮೇಲೊಂದು. ಇಡೀ ರೂಮಲ್ಲ, ಒಂದು ಮಂಚ ಬಾಡಿಗೆಗೆ ತಗೊಳ್ಳಬೇಕು. ಹೆಚ್ಚಿನ ಕಡೆ ಹೆಂಗಸರಿಗೆ ಬೇರೆ ಹಾಲ್ ಇರುತ್ತದೆ. ಮಂಚಕ್ಕೊಂದು ಪರದೆ, ತಲೆ ಹತ್ತಿರ ಸಣ್ಣ ದೀಪ, ಚಾರ್ಜಿಂಗ್ ಪಾಯಿಂಟ್, ಸಾಮಾನಿಗೆ ಲಾಕರ್. ರಾತ್ರಿ ನಾನು ಏನಾದರೂ ಕೂಗಿದರೆ ಐದು ಜನ ಹೆಂಗಸರು ಏಳುತ್ತಾರೆ. ಚಿಗವ್ವನಿಗೆ ನಾನು ಹೇಳುವುದು ಇದನ್ನೇ.

ಇನ್ನೊಂದು ಮಾತೂ ಅವಳಿಗೆ ಹೇಳಿದ್ದೇನೆ. ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಅವಳು ಮಲಗಿದ್ದು ಯಾರ ಪಕ್ಕ? ಶಿವರಾತ್ರಿ ಜಾತ್ರೆಗೆ ಹುಬ್ಬಳ್ಳಿ ಸಿದ್ಧಾರೂಢ ಮಠಕ್ಕೆ ಹೋದಾಗ? ಯಾವುದೋ ಊರಿನ ಹೆಂಗಸಿನ ಪಕ್ಕ ಚಾದರ ಹಾಸಿ ಮಲಗಿದ್ದಾಳೆ. ಬೆಳಗಾಗುವಷ್ಟರಲ್ಲಿ ಇಬ್ಬರ ಮಕ್ಕಳ ಮದುವೆ ವಿಷಯದವರೆಗೂ ಮಾತು ಮುಗಿದಿರುತ್ತದೆ! ದಾರಿಯಲ್ಲಿ ಸಿಕ್ಕವರನ್ನು ನಂಬಿ ಮಲಗುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸದೇನಲ್ಲ.

ಈ ಹಾಸ್ಟೆಲ್‌ಗಳನ್ನು ಶುರು ಮಾಡಿದ್ದು ಒಬ್ಬ ಶಾಲೆ ಮಾಸ್ತರು ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ. ಜರ್ಮನಿಯ ರಿಚರ್ಡ್ ಶಿರ್ಮನ್. 1909ರಲ್ಲಿ ಮಕ್ಕಳನ್ನು ಕರೆದುಕೊಂಡು ಕಾಲ್ನಡಿಗೆಯಲ್ಲಿ ಹೊರಟಿದ್ದಾಗ ಜೋರು ಗಾಳಿಮಳೆ ಹಿಡಿಯಿತು. ಒಂದು ಹಳ್ಳಿ ಶಾಲೆಯಲ್ಲಿ ಹುಲ್ಲು ಹಾಸಿಕೊಂಡು ರಾತ್ರಿ ಕಳೆದರು. ರಜೆಯಲ್ಲಿ ಶಾಲೆಗಳೆಲ್ಲ ಖಾಲಿ ಇರುತ್ತವಲ್ಲ, ತಿರುಗಾಡುವ ಮಕ್ಕಳಿಗೆ ಅಲ್ಲೇ ಯಾಕೆ ಜಾಗ ಕೊಡಬಾರದು ಅಂತ ಅವರಿಗೆ ಹೊಳೆಯಿತು. 1912ರಲ್ಲಿ ಆಲ್ಟೆನಾ ಊರಿನ ಕೋಟೆಯಲ್ಲಿ ಕಾಯಂ ಹಾಸ್ಟೆಲ್ ಆಯಿತು. ನಮ್ಮ ದೇಶದಲ್ಲಿ ಯೂತ್ ಹಾಸ್ಟೆಲ್‌ಗಳು ಹಿಂದಿನಿಂದಲೂ ಇದ್ದವು. 2013ರಲ್ಲಿ ಝೋಸ್ಟೆಲ್ ಅನ್ನುವ ಹಾಸ್ಟೆಲ್ ಕಂಪನಿ ಶುರುವಾದ ಮೇಲೆ ಈಗಿನ ಥರದವು ಜಾಸ್ತಿಯಾದವು.

ನನಗೆ ಹಾಸ್ಟೆಲ್ ಅಂದ್ರೆ ಮುಖ್ಯವಾಗಿ ಅಲ್ಲಿನ ಊಟದ ಮೇಜು. ಹಂಪಿ ಕಡೆ ಹೋದಾಗ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದ್ರೆ ನಮ್ಮ ಕಡೆ ಚಟ್ನಿಪುಡಿ) ಕಟ್ಟಿಕೊಂಡು ಹೋಗಿದ್ದೆ. ಸಂಜೆ ಗಂಟು ಬಿಚ್ಚಿದೆ. ಎದುರಿಗೆ ಕೂತಿದ್ದ ಕೋಲ್ಕತ್ತಾದ ಹುಡುಗಿ ರೊಟ್ಟಿ ಮುರಿದ ಸದ್ದು ಕೇಳಿ ಹಪ್ಪಳ ಅಂದುಕೊಂಡಳು. ಹಿಂಡಿಗೆ ಮೊಸರು ಕಲಸಿ ಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಮತ್ತೆ ಕೈ ಚಾಚಿದಳು. ಅಷ್ಟರಲ್ಲಿ ಮೇಜಿನ ಸುತ್ತ ಇದ್ದವರೆಲ್ಲ ಒಂದೊಂದು ಚೂರು ತಗೊಂಡಿದ್ದರು.

ಆ ಮೇಜಿನಲ್ಲಿ ನನಗೆ ಸಿಕ್ಕಿದ್ದೂ ಕಡಿಮೆ ಅಲ್ಲ. ವಿಜಯವಿಠ್ಠಲ ದೇವಸ್ಥಾನದಲ್ಲಿ ತಗೊಂಡ ಟಿಕೆಟ್ ಅದೇ ದಿನ ಕಮಲ ಮಹಲ್ ಆವರಣಕ್ಕೂ ಕಮಲಾಪುರದ ಮ್ಯೂಸಿಯಂಗೂ ನಡೆಯುತ್ತದೆ, ಬಿಸಾಡಬೇಡಿ ಅಂತ ಒಬ್ಬರು ಹೇಳಿದರು. ಹೊಳೆ ಆಚೆ ಹೋದರೆ ಕತ್ತಲಾದ ಮೇಲೆ ದಾಟಿ ಬರಲು ದೋಣಿ ಸಿಗುವುದಿಲ್ಲ, ರಸ್ತೆಯಲ್ಲಿ ಸುತ್ತಿ ಬರಬೇಕು, ಬೇಗ ವಾಪಸ್ ಹೊರಡಿ ಅಂತ ಇನ್ನೊಬ್ಬರು. ಎಲ್ಲಕ್ಕಿಂತ ಹೆಚ್ಚಾಗಿ ಮಾತಂಗ ಬೆಟ್ಟಕ್ಕೆ ಜೊತೆ ಸಿಕ್ಕಿತು. ಸೂರ್ಯೋದಯ ನೋಡಬೇಕಂದ್ರೆ ಕತ್ತಲಲ್ಲೇ ಕಲ್ಲು ಹತ್ತಬೇಕು. ಒಬ್ಬಳೇ ಹೋಗುವ ಜಾಗ ಅಲ್ಲ ಅದು. ಲಾಡ್ಜ್‌ನಲ್ಲಿ ಇದ್ದಿದ್ದರೆ ಸುಮ್ನೆ ಮಲಗಿರುತ್ತಿದ್ದೆ. ಮರುದಿನ ನಸುಕಿನಲ್ಲಿ ನಾವು ನಾಲ್ಕು ಜನ ಟಾರ್ಚ್ ಹಿಡಿದು ಹತ್ತಿದೆವು.

ನಾನೂ ನಮ್ಮ ಕಡೆಯದನ್ನು ಹೇಳುತ್ತೇನೆ. ಹುಬ್ಬಳ್ಳಿಯಿಂದ ಹೊಸಪೇಟೆಗೆ ಹೋಗುವ ರೈಲು ಗದಗದ ಮೇಲೆಯೇ ಹೋಗುತ್ತದೆ, ಆದರೆ ಹಂಪಿಗೆ ಹೊರಟವರು ಅಲ್ಲಿ ಇಳಿಯುವುದೇ ಇಲ್ಲ. ತ್ರಿಕೂಟೇಶ್ವರ ದೇವಸ್ಥಾನ ಊರಲ್ಲೇ ಇದೆ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಭಾರತ ಬರೆದ ಅಂತ ಹೇಳುವ ಕಂಬ ಇದೆ. ಲಕ್ಕುಂಡಿ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ಕೋಲ್ಕತ್ತಾದ ಹುಡುಗಿ ವಾಪಸ್ ಬರುವಾಗ ಗದಗದಲ್ಲಿ ಇಳಿದು, ಲಕ್ಕುಂಡಿಯ ಬಾವಿಗಳ ಫೋಟೋ ಕಳಿಸಿದಳು. ಗದಗದಲ್ಲೊಂದು ಒಳ್ಳೆಯ ಹಾಸ್ಟೆಲ್ ನಡೆಯಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಇನ್ನು ರೊಕ್ಕದ ಮಾತು. ಮಂಚಕ್ಕೆ ಸಾಮಾನ್ಯವಾಗಿ ದಿನಕ್ಕೆ 500ರಿಂದ 1,000 ರೂಪಾಯಿ. ಸೀಸನ್‌ನಲ್ಲಿ, ವಾರದ ಕೊನೆಯಲ್ಲಿ ಏರುತ್ತದೆ. ಒಬ್ಬರೇ ಹೋದಾಗ ಉಳಿತಾಯ ನಿಜ. ಮೂರು ನಾಲ್ಕು ಜನ ಸೇರಿ ಹೊರಟರೆ ಲಾಡ್ಜ್ ರೂಮೇ ಅಗ್ಗ ಬಿದ್ದರೂ ಬೀಳಬಹುದು, ಲೆಕ್ಕ ಹಾಕಿ ನೋಡಿ. ವಯಸ್ಸಾದವರನ್ನು ಹಾಸ್ಟೆಲ್‌ಗೆ ಕರೆದುಕೊಂಡು ಹೋಗಬೇಡಿ. ಮೇಲಿನ ಮಂಚ ಹತ್ತೋದು, ರಾತ್ರಿ ಎದ್ದು ಹೊರಗಿನ ಬಾತ್‌ರೂಮ್ ಹುಡುಕೋದು ಅವರಿಗೆ ಕಷ್ಟ. ಸಣ್ಣ ಸದ್ದಿಗೂ ಎಚ್ಚರಾಗುವವರಿಗೂ ಇದು ಹೊಂದುವುದಿಲ್ಲ. ಕೆಲವು ಹಾಸ್ಟೆಲ್‌ಗಳಲ್ಲಿ ಮಧ್ಯರಾತ್ರಿವರೆಗೆ ಪಾರ್ಟಿ ನಡೆಯುತ್ತದೆ. ಅಂಥವು ನನಗೂ ಬೇಡ.

ಮೊದಲ ಸಲ ಹೊರಡುವ ನಮ್ಮ ಕಡೆಯ ಹುಡುಗಿಯರಿಗೆ ನಾನು ಹೇಳುವುದಿಷ್ಟು. ಹಂಪಿ ಅಥವಾ ಗೋಕರ್ಣಕ್ಕೆ ಹೋಗಿ. ಮನಸ್ಸಿಗೆ ಬರಲಿಲ್ಲ ಅಂದ್ರೆ ಅದೇ ದಿನ ಬಸ್ ಹತ್ತಿ ಮನೆಗೆ ಬರಬಹುದು. ಹೆಂಗಸರ ಹಾಲ್‌ನಲ್ಲಿ ಒಂದೇ ರಾತ್ರಿಗೆ ಬುಕ್ ಮಾಡಿ, ಕೆಳಗಿನ ಮಂಚ ಕೇಳಿ. ಬುಕ್ ಮಾಡುವ ಮೊದಲು ಹೆಂಗಸರು ಇತ್ತೀಚೆಗೆ ಬರೆದ ರಿವ್ಯೂಗಳನ್ನೇ ಹುಡುಕಿ ಓದಿ. ಒಂದು ಫೋನ್ ಮಾಡಿ, ರಾತ್ರಿ ಕೌಂಟರ್‌ನಲ್ಲಿ ಯಾರಿರುತ್ತಾರೆ ಅಂತ ವಿಚಾರಿಸಿ. ಉತ್ತರ ಸರಿ ಅನ್ನಿಸದಿದ್ದರೆ ಬೇರೆ ಕಡೆ ನೋಡಿ. ಆಧಾರ್ ಇಟ್ಟುಕೊಳ್ಳಿ, ಲಾಕರ್‌ಗೆ ನಿಮ್ಮದೇ ಬೀಗ ಒಯ್ಯಿರಿ. ರೊಟ್ಟಿ ಮಾತ್ರ ನಿಮಗೆ ಬೇಕಾದ್ದಕ್ಕಿಂತ ನಾಲ್ಕು ಜಾಸ್ತಿನೇ ಕಟ್ಟಿಕೊಳ್ಳಿ.