ಬೀಳದ ಮ್ಯಾಗಜಿನ್

ಬದಿಯಡ್ಕದ ನಮ್ಮ ಮಾವ ಮಿಲಿಟ್ರಿಯಲ್ಲಿದ್ದವರು, ಈಗ ಅಡಿಕೆ ತೋಟ, ಆದ್ರೆ ಪಿಸ್ತೂಲಿನ ವಿಷ್ಯ ಬಂತೋ ಮತ್ತೆ ಬಿಡೂದೇ ಇಲ್ಲ. ಪಿಸ್ತೂಲಿನ ಬಟನ್ ಒತ್ತಿದ್ರೂ ಮ್ಯಾಗಜಿನ್, ಅಂದ್ರೆ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ, ತಾನಾಗಿ ಕೆಳಗೆ ಬೀಳೂದಿಲ್ಲ ಅಂತ ಯೂಟ್ಯೂಬಲ್ಲಿ ಹುಡುಗರು ಗೋಳು ಹೇಳ್ತಾರಲ್ಲ, ಅದಕ್ಕೆ ಮಾವ, ಮೊದ್ಲು ಯಾವ ಪಿಸ್ತೂಲು ಅಂತ ಕೇಳು ಮಾರಾಯ ಅಂತಾರೆ. ಅವರ ಕೈಯಲ್ಲಿದ್ದದ್ದು ಬಂಗಾಳದ ಇಶಾಪುರ ಕಾರ್ಖಾನೆಯ 9 ಎಂಎಂ 1ಎ ಪಿಸ್ತೂಲು, ಅಂದ್ರೆ 1935ರ ಬ್ರೌನಿಂಗ್ ಹೈಪವರಿನದ್ದೇ ಜಾತಿ, 13 ಗುಂಡಿನದ್ದು, ಅದ್ರಲ್ಲಿ ಮ್ಯಾಗಜಿನ್ ಇಲ್ಲದಿದ್ರೆ ಟ್ರಿಗರ್ ಕೆಲಸ ಮಾಡದ ಹಾಗೆ ಒಂದು ಸೇಫ್ಟಿ ಉಂಟು, ಅದ್ರ ಸಣ್ಣ ತುಂಡು ಸ್ಪ್ರಿಂಗಿನ ಬಲದಲ್ಲಿ ಮ್ಯಾಗಜಿನಿನ ಮೈಗೇ ಒತ್ತಿಕೊಂಡಿರ್ತದೆ, ಮತ್ತೆ ಬೀಳೂದು ಹೇಗೆ, ಎಳೀಬೇಕಷ್ಟೆ! ಹಳೇ ಗ್ಲಾಕ್ ಪಿಸ್ತೂಲಿನ ಪ್ಲಾಸ್ಟಿಕ್ ಮ್ಯಾಗಜಿನ್ ಗುಂಡು ತುಂಬಿದ್ರೆ ಹೊಟ್ಟೆ ಉಬ್ಬಿಸಿಕೊಂಡು ಅಲ್ಲೇ ಸಿಕ್ಕಿಕೊಳ್ತದೆ, ಜೆಂಬರದಲ್ಲಿ ಉಂಡೆದ್ದ ಭಾವನ ಹಾಗೆ. ಉಳಿದ ಕಾರಣ ಎಲ್ಲ ಧೂಳು, ಒಣಗಿದ ಎಣ್ಣೆ, ನೆಗ್ಗಿದ ತಗಡು. ಒಂದೇ ಮ್ಯಾಗಜಿನ್ ಹಟ ಮಾಡಿದ್ರೆ ಹೆಚ್ಚಾಗಿ ಅದ್ರದ್ದೇ ದೋಷ, ಎಲ್ಲವೂ ಮಾಡಿದ್ರೆ ಪಿಸ್ತೂಲಿನದ್ದು ನೋಡ್ಬೇಕು, ಅದೂ ಚೇಂಬರ್, ಅಂದ್ರೆ ನಳಿಗೆಯಲ್ಲಿ ಗುಂಡು ಕೂರುವ ಜಾಗ, ಖಾಲಿ ಉಂಟಾ ಅಂತ ನೋಡಿದ ಮೇಲೆ ಮಾತ್ರ.

ನಂಗೆ ಅನ್ನಿಸಿದ್ದು, ಹಿಂದೆ ಸಿಪಾಯಿಗೆ ಮ್ಯಾಗಜಿನ್ ಕೆಸರಿಗೆ ಬಿದ್ದು ಕಳೆದೋದ್ರೆ ನಷ್ಟ, ಈಗ ಗಡಿಬಿಡಿಯಲ್ಲಿ ಮ್ಯಾಗಜಿನ್ ಬದಲಿಸುವ ಶೂಟಿಂಗ್ ಸ್ಪರ್ಧೆಯವರಿಗೆ ಬೀಳದಿದ್ರೇ ನಷ್ಟ. ಮಾವನಿಗೆ ಇದನ್ನು ಹೇಳ್ಲಿಕ್ಕೆ ಬಾಯಿ ತೆರೆದೆ, ಅಷ್ಟರಲ್ಲಿ ಅತ್ತೆ ಒಳಗಿಂದ, ಆ ತೋಟದ ಕೋವಿಯ ಲೈಸೆನ್ಸ್ ರಿನೀವಲಿಗೆ ಹೋಗೂದು ಯಾವಾಗ ಅಂತ ಕೇಳಿದ್ರು.